ಸೋಯಾ ಅವರೆಗೆ ಹಾರ್ಮೋನ್ ಸಿಂಪಡಣೆ: ಪಾಂಡವಪುರದ ನಾಲೆ ಬಯಲಿನಲ್ಲಿ ಆರು ಗುಂಟೆ ಪ್ರಯೋಗದ ದಾಖಲೆ

ಸೋಯಾ ಅವರೆ ಗಿಡ ಬಿಟ್ಟ ಹೂವೆಲ್ಲ ಕಾಯಾಗುವುದಿಲ್ಲ. ಅರ್ಧಕ್ಕೂ ಹೆಚ್ಚು ಹೂವು, ಎಳೆಗಾಯಿ ಉದುರುವುದು ಈ ಬೆಳೆಯಲ್ಲಿ ಮಾಮೂಲು. ಬಿಸಿಲು, ನೀರಿನ ಕೊರತೆ ಸೇರಿಕೊಂಡರೆ ಉದುರು ಇನ್ನೂ ಜಾಸ್ತಿ. ಅಂಗಡಿಯಲ್ಲಿ ‘ಹೂ ನಿಲ್ಲೋ ಔಷಧಿ’, ‘ಟಾನಿಕ್’ ಎಂದು ಕೊಡುವ ಬಾಟಲಿಗಳೆಲ್ಲ ಹುಟ್ಟಿರುವುದು ಈ ಉದುರಿನ ಮೇಲೆಯೇ. ಅವುಗಳಲ್ಲಿ ಕೆಲವು ನಿಜವಾದ ಬೆಳವಣಿಗೆ ನಿಯಂತ್ರಕಗಳು, ಕೆಲಸ ಮಾಡುವ ರೀತಿಯೂ ಚೆನ್ನಾಗಿ ಗೊತ್ತಿರುವಂಥವು. ಆದರೆ ಅವು ಕೆಲಸ ಮಾಡುವುದು ಲೀಟರಿಗೆ ಕೆಲವೇ ಮಿಲಿಗ್ರಾಂ ಪ್ರಮಾಣದಲ್ಲಿ. ಮುಚ್ಚಳದ ಅಳತೆಯಲ್ಲಿ ಹಾಕಿ, ಪಕ್ಕದಲ್ಲಿ ಬರೀ ನೀರು ಹೊಡೆದ ಮಡಿ ಇಟ್ಟುಕೊಳ್ಳದೆ, ‘ಈ ಸಲ ಕಾಯಿ ಜಾಸ್ತಿ’ ಅಂದರೆ ಅದು ಔಷಧಿಯಿಂದಲೋ ಮಳೆಯಿಂದಲೋ ಹೇಳಲು ಬರುವುದಿಲ್ಲ. ಈ ದಾಖಲೆ ಆ ಅಳತೆಯದ್ದು, ಆ ಮಡಿಗಳದ್ದು.

ಜಾಗ ಮತ್ತು ತಳಿ

ಕರ್ನಾಟಕದಲ್ಲಿ ಸೋಯಾ ಎಂದರೆ ಬೀದರ್, ಬೆಳಗಾವಿ, ಧಾರವಾಡದ ಕಪ್ಪು ನೆಲ. ಮಂಡ್ಯ ಜಿಲ್ಲೆಯ ನಾಲೆ ಬಯಲು ಕಬ್ಬು, ಭತ್ತದ ಸೀಮೆ. ಇಲ್ಲಿ ಸೋಯಾ ಹಾಕುವವನಿಗೆ ಎರಡು ತೊಂದರೆ ಹೊಸದಾಗಿ ಎದುರಾಗುತ್ತವೆ. ಒಂದು, ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಹಿಡಿಯುವ ಜೀವಾಣು, ಅಂದರೆ ಸೋಯಾದ ರೈಜೋಬಿಯಂ, ಮಣ್ಣಿನಲ್ಲಿ ಇರುವುದಿಲ್ಲ. ಇನ್ನೊಂದು, ಸುತ್ತಲಿನ ಕಬ್ಬು, ಭತ್ತಕ್ಕೆ ಹೊಡೆಯುವ 2,4-ಡಿ ಕಳೆನಾಶಕ. ಎರಡೂ ಮುಂದೆ ಬರುತ್ತವೆ.

ತಳಿ ಜೆಎಸ್ 335. ಜಬಲ್‌ಪುರದಲ್ಲಿ ಬೆಳೆಸಿ 1994ರಲ್ಲಿ ಬಿಡುಗಡೆಯಾದ ಹಳೇ ತಳಿ, ನೇರಳೆ ಹೂವು, ಸುಮಾರು 95–100 ದಿನದ ಬೆಳೆ. ಇದಕ್ಕಿಂತ ಹೊಸ ತಳಿಗಳು ಬೇಕಾದಷ್ಟಿವೆ. ಆದರೆ ಇದರ ನಡವಳಿಕೆ ಎಲ್ಲರಿಗೂ ಗೊತ್ತು, ಹೂ ಬಿಡುವ ದಿನ ಅಂದಾಜಿಗೆ ಸಿಗುತ್ತದೆ. ಸಿಂಪಡಣೆಯ ದಿನ ಹೂವಿನ ದಿನದ ಮೇಲೆ ನಿಂತಿರುವಾಗ ಅದು ದೊಡ್ಡ ಅನುಕೂಲ.

ಮಡಿ ಕಟ್ಟಿದ್ದು

ಆರು ಉಪಚಾರ (ಆರು ಬಗೆಯ ಸಿಂಪಡಣೆ), ಒಂದೊಂದಕ್ಕೂ ನಾಲ್ಕು ಪುನರಾವರ್ತನೆ, ಒಟ್ಟು 24 ಮಡಿ. ಒಂದೊಂದು ಮಡಿ 3 ಮೀಟರ್ ಅಗಲ, 4 ಮೀಟರ್ ಉದ್ದ, ಅಂದರೆ 12 ಚದರ ಮೀಟರ್. ಮಡಿ ಮಡಿಯ ನಡುವೆ 1 ಮೀಟರ್ ದಾರಿ, ಸುತ್ತಲೂ ಒಂದೂವರೆ ಮೀಟರ್ ಅಂಚಿನ ಬೆಳೆ. ಎಲ್ಲ ಸೇರಿ 26 × 22 ಮೀಟರ್, 572 ಚದರ ಮೀಟರ್. ಗುಂಟೆಗೆ 101 ಚದರ ಮೀಟರ್ ಹಿಡಿದರೆ ಐದೂಮುಕ್ಕಾಲು ಗುಂಟೆಗೆ ಹತ್ತಿರ. ಗೂಟ 96, ಒಂದು ಉರುಳೆ ಹಗ್ಗ, ಬಣ್ಣದ ಉಣ್ಣೆ ದಾರ, ತಗಡಿನ ಫಲಕ 24.

ನಾಲ್ಕು ಪುನರಾವರ್ತನೆಯನ್ನು ನಾಲ್ಕು ಪಟ್ಟಿಯಾಗಿ ನಾಲೆಗೆ ಸಮಾನಾಂತರವಾಗಿ ಹಾಕಬೇಕು. ನಾಲೆ ಬದಿಯ ನೆಲ ಜೌಗು ಹಿಡಿದಿರುತ್ತದೆ, ದೂರ ಹೋದಂತೆ ಒಣಗುತ್ತದೆ. ಪಟ್ಟಿ ಸಮಾನಾಂತರವಾಗಿದ್ದರೆ ಒಂದು ಪಟ್ಟಿಯ ಆರೂ ಮಡಿಗೆ ತೇವ ಒಂದೇ ಆಗಿರುತ್ತದೆ. ನಾಲೆಯಿಂದ ದೂರಕ್ಕೆ ಉದ್ದುದ್ದ ಪಟ್ಟಿ ಹಾಕಿದರೆ ಜೌಗಿನ ವ್ಯತ್ಯಾಸವೆಲ್ಲ ಔಷಧಿಯ ಲೆಕ್ಕಕ್ಕೆ ಬಂದು ಬೀಳುತ್ತದೆ. ಯಾವ ಮಡಿಗೆ ಯಾವ ಉಪಚಾರ ಎನ್ನುವುದಕ್ಕೆ ಆರು ಚೀಟಿ ಬರೆದು ಚೊಂಬಿಗೆ ಹಾಕಿ, ಪ್ರತಿ ಪಟ್ಟಿಗೂ ಹೊಸದಾಗಿ ಎತ್ತಿದ್ದು. ‘ಈ ಮೂಲೆ ಚೆನ್ನಾಗಿದೆ, ಇಲ್ಲಿ ಹಾರ್ಮೋನ್ ಇರಲಿ’ ಎಂದು ಕೈಯಾರೆ ಹಂಚಿದ ದಿನವೇ ಪ್ರಯೋಗ ಕೆಟ್ಟಿತು ಎಂದು ತಿಳಿಯಬೇಕು.

ಉಪಚಾರಗಳು:

ಒಂದು: ಬರೀ ನೀರು, ಜೊತೆಗೆ ಅಂಟುದ್ರಾವಣ.
ಎರಡು: ಎನ್‌ಎಎ (ಆಕ್ಸಿನ್ ಜಾತಿಯ ಹಾರ್ಮೋನ್) 20 ಪಿಪಿಎಂ, ಅಂದರೆ ಲೀಟರಿಗೆ 20 ಮಿಲಿಗ್ರಾಂ.
ಮೂರು: ಕ್ಲೋರ್‌ಮೆಕ್ವಾಟ್ ಕ್ಲೋರೈಡ್ (ಗಿಡವನ್ನು ಗಿಡ್ಡ ಮಾಡುವ ನಿಯಂತ್ರಕ) 500 ಪಿಪಿಎಂ.
ನಾಲ್ಕು: ಸ್ಯಾಲಿಸಿಲಿಕ್ ಆಮ್ಲ 100 ಪಿಪಿಎಂ.
ಐದು: ಹೋಮೋಬ್ರಾಸಿನೋಲೈಡ್ (ಇನ್ನೊಂದು ಜಾತಿಯ ಬೆಳವಣಿಗೆ ಹಾರ್ಮೋನ್) 0.1 ಪಿಪಿಎಂ.
ಆರು: ಶೇ. 2ರ ಡಿಎಪಿ ದ್ರಾವಣ.

ಆರನೆಯದು ಹಾರ್ಮೋನ್ ಅಲ್ಲ, ಗೊಬ್ಬರ. ಅದನ್ನು ಬೇಕೆಂದೇ ಸೇರಿಸಿದ್ದು. ದ್ವಿದಳ ಧಾನ್ಯಕ್ಕೆ ಹೂವಿನ ಹೊತ್ತಿನಲ್ಲಿ ಡಿಎಪಿ ನೀರು ಹೊಡೆಯುವುದು ರೈತರು ಬಲ್ಲ ಪದ್ಧತಿ, ಖರ್ಚೂ ಕಡಿಮೆ. ದುಬಾರಿ ಬಾಟಲಿ ಬರೀ ನೀರನ್ನು ಗೆದ್ದರೆ ಸಾಲದು, ಡಿಎಪಿಯನ್ನೂ ಗೆಲ್ಲಬೇಕು.

ಜಿಬ್ಬರೆಲಿಕ್ ಆಮ್ಲವನ್ನು ಬಿಟ್ಟಿದ್ದು ಯಾಕೆ ಎಂದು ಕೇಳುವವರಿದ್ದಾರೆ. ಸೋಯಾದಲ್ಲಿ ಅದರ ಕಣ್ಣಿಗೆ ಕಾಣುವ ಮೊದಲ ಪರಿಣಾಮ ಗೆಣ್ಣಿನ ನಡುವಿನ ಅಂತರ ಹಿಗ್ಗುವುದು. ನೀರು, ಗೊಬ್ಬರ ಧಾರಾಳವಾಗಿರುವ ನಾಲೆ ನೆಲದಲ್ಲಿ ಗಿಡ ಮೊದಲೇ ಎತ್ತರಕ್ಕೆ ಹೋಗುತ್ತದೆ. ಇನ್ನೂ ಹಿಗ್ಗಿಸಿದರೆ ಮಲಗುತ್ತದೆ.

ನೆಲ, ಗೊಬ್ಬರ, ಬೀಜ

ಗೊಬ್ಬರ ಹೆಕ್ಟೇರಿಗೆ ಸಾರಜನಕ 25, ರಂಜಕ 60, ಪೊಟ್ಯಾಷ್ 25 ಕೆಜಿ ಲೆಕ್ಕ. 12 ಚದರ ಮೀಟರಿನ ಮಡಿಗೆ ಇದು ಯೂರಿಯಾ 65 ಗ್ರಾಂ, ಸೂಪರ್ ಫಾಸ್ಫೇಟ್ 450 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 50 ಗ್ರಾಂ ಆಗುತ್ತದೆ. ಮಡಿಗೆ ಹತ್ತು ಸಾಲು, ಹಾಗಾಗಿ ಸಾಲಿಗೆ 6.5, 45, 5 ಗ್ರಾಂ. ಪ್ರತಿ ಮಡಿಯದ್ದನ್ನೂ ಮನೆಯಲ್ಲೇ ತೂಗಿ ಪೊಟ್ಟಣ ಕಟ್ಟಿ ತರಬೇಕು. ಹೊಲದಲ್ಲಿ ಹಿಡಿ ಲೆಕ್ಕದಲ್ಲಿ ಹಾಕಿದರೆ ಮಡಿಯಿಂದ ಮಡಿಗೆ ಬರುವ ಹೆಚ್ಚುಕಮ್ಮಿ ಹಾರ್ಮೋನಿನ ಪರಿಣಾಮಕ್ಕಿಂತ ದೊಡ್ಡದಾಗಿರುತ್ತದೆ. ತಳಗೊಬ್ಬರಕ್ಕೆ ಡಿಎಪಿ ಬದಲು ಸೂಪರ್ ಫಾಸ್ಫೇಟ್ ಆರಿಸಿದ್ದು ಅದರಲ್ಲಿರುವ ಗಂಧಕಕ್ಕಾಗಿ. ಎಣ್ಣೆಕಾಳಿಗೆ ಗಂಧಕ ಬೇಕೇ ಬೇಕು.

ಬಿತ್ತನೆಗೆ ಮೊದಲು ಮೊಳಕೆ ಪರೀಕ್ಷೆ. ನೂರು ಬೀಜ ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿಟ್ಟು ಎಂಟನೇ ದಿನ ಎಣಿಸುವುದು. 70ಕ್ಕಿಂತ ಕಡಿಮೆ ಬಂದರೆ ಆ ಬೀಜ ಬೇಡ. ಸೋಯಾ ಬೀಜದ ಸಿಪ್ಪೆ ತೆಳು, ಚೀಲವನ್ನು ಲಾರಿಯಿಂದ ಎತ್ತಿ ಹಾಕಿದ ಪೆಟ್ಟಿಗೇ ಮೊಳಕೆ ಸಾಯುತ್ತದೆ. ಬೇಕಾಗುವ ಬೀಜ ಹೀಗೆ: ಮಡಿಗೆ 400 ಗುಣಿ, ಗುಣಿಗೆ ಎರಡು ಬೀಜ, 24 ಮಡಿಗೆ 19,200 ಬೀಜ. ನೂರು ಬೀಜ 12 ಗ್ರಾಂ ತೂಗಿದರೆ 2.3 ಕೆಜಿ. ಅಂಚಿನ ಸಾಲು ಸೇರಿ 3 ಕೆಜಿ ಇಟ್ಟುಕೊಳ್ಳಬೇಕು.

ರೈಜೋಬಿಯಂ ವಿಷಯದಲ್ಲಿ ಇಲ್ಲಿ ಉದಾಸೀನ ಸಲ್ಲದು. ಅವರೆ, ಅಲಸಂದೆ ಬೆಳೆದ ನೆಲ, ಗಂಟು ತಾನಾಗಿ ಕಟ್ಟುತ್ತದೆ ಎಂಬ ನಂಬಿಕೆ ಸೋಯಾಗೆ ಹೊಂದುವುದಿಲ್ಲ. ಸೋಯಾಗೆ ಬೇಕಾದದ್ದು ಬ್ರಾಡಿರೈಜೋಬಿಯಂ ಜಪೋನಿಕಂ ಎಂಬ ಬೇರೆಯೇ ಜೀವಾಣು. ಸೋಯಾ ಎಂದೂ ಕಾಣದ ನೆಲದಲ್ಲಿ ಅದು ಇರುವುದಿಲ್ಲ. ಪ್ಯಾಕೆಟ್ ಮೇಲೆ ‘ಸೋಯಾ ಅವರೆಗೆ’ ಎಂದು ಇರುವುದನ್ನೇ ಕೇಳಿ ತರಬೇಕು. ಬೆಲ್ಲದ ಪಾಕ ಆರಿಸಿ, ಅದರಲ್ಲಿ ಪುಡಿ ಕಲಸಿ, ಬೀಜಕ್ಕೆ ಮೆಲ್ಲಗೆ ಲೇಪಿಸಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಬೇಕು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಮೊದಲು ಅದು, ಆಮೇಲೆ ಜೀವಾಣು.

ಬಿತ್ತಿದ್ದು 30 × 10 ಸೆಂ.ಮೀ., ಆಳ 3–4 ಸೆಂ.ಮೀ. ಕೆಂಪು ಮರಳು ಮಿಶ್ರಿತ ನೆಲದಲ್ಲಿ ಬಿತ್ತಿದ ಮೇಲೆ ಜೋರು ಮಳೆ ಬಂದು ಬಿಸಿಲು ಕಾದರೆ ಮೇಲ್ಮಣ್ಣು ಹೆಪ್ಪುಗಟ್ಟುತ್ತದೆ. ಸೋಯಾ ಮೊಳಕೆ ಎರಡು ದಪ್ಪ ಬೇಳೆಯನ್ನು ಹೊತ್ತುಕೊಂಡೇ ಮೇಲೆ ಬರಬೇಕು, ಹೆಪ್ಪು ಒಡೆಯಲಾಗದೆ ಕತ್ತು ಮುರಿಯುತ್ತದೆ. ನಾಲ್ಕನೇ ದಿನ ಸಂಜೆ ತೆಳುವಾಗಿ ನೀರು ಚಿಮುಕಿಸಿದರೆ ಉಳಿಯುತ್ತದೆ. ಮೊಳಕೆ ಬಂದ ಮೇಲಿನ ಹತ್ತು ದಿನ ನವಿಲು, ಪಾರಿವಾಳದ ಕಾಟ. ಬಲೆ ಹೊದಿಸುವುದೊಂದೇ ದಾರಿ.

ಹದಿನೈದನೇ ದಿನ ಗುಣಿಗೆ ಒಂದೇ ಗಿಡ ಉಳಿಸಿದ್ದು. ಹೆಚ್ಚಿನದನ್ನು ಕೀಳಬಾರದು, ಕತ್ತರಿಯಲ್ಲಿ ಕತ್ತರಿಸಬೇಕು. ಕಿತ್ತರೆ ಪಕ್ಕದ ಗಿಡದ ಬೇರು ಅಲುಗುತ್ತದೆ.

ಶೇಕಡಾದಿಂದ ಪಿಪಿಎಂಗೆ

ಎಲ್ಲರೂ ತಪ್ಪುವುದು ಇಲ್ಲಿಯೇ. ಪಿಪಿಎಂ ಎಂದರೆ ಲೀಟರಿಗೆ ಮಿಲಿಗ್ರಾಂ. ಬಾಟಲಿಯ ಮೇಲಿನ ಶೇಕಡಾವನ್ನು ಹತ್ತರಿಂದ ಗುಣಿಸಿದರೆ ಒಂದು ಮಿ.ಲೀ. ದ್ರಾವಣದಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂದು ಹತ್ತಿರ ಹತ್ತಿರ ಸಿಗುತ್ತದೆ. ಅಲ್ಲಿಂದ ಸೂತ್ರ ಇಷ್ಟೇ:

ಬೇಕಾದ ಮಿ.ಲೀ. = (ಪಿಪಿಎಂ × ನೀರಿನ ಲೀಟರ್) ÷ (ಶೇಕಡಾ × 10)

ಎನ್‌ಎಎ ಅಂಗಡಿಯಲ್ಲಿ ಸಿಗುವುದು ಶೇ. 4.5ರದ್ದು. 3 ಲೀಟರಿಗೆ 20 ಪಿಪಿಎಂ ಬೇಕೆಂದರೆ 60 ÷ 45 = 1.33 ಮಿ.ಲೀ. ಕ್ಲೋರ್‌ಮೆಕ್ವಾಟ್ ಶೇ. 50ರದ್ದು: 1500 ÷ 500 = 3 ಮಿ.ಲೀ. ಹೋಮೋಬ್ರಾಸಿನೋಲೈಡ್ ಶೇ. 0.04ರದ್ದು: 0.3 ÷ 0.4 = 0.75 ಮಿ.ಲೀ. ಇವನ್ನು ಅಳೆಯಲು ಔಷಧಿ ಅಂಗಡಿಯ 1 ಮಿ.ಲೀ. ಮತ್ತು 5 ಮಿ.ಲೀ. ಸಿರಿಂಜ್ ಸಾಕು. ಒಂದೊಂದು ಔಷಧಿಗೆ ಒಂದೊಂದು ಸಿರಿಂಜ್, ಮೇಲೆ ಹೆಸರು ಬರೆದಿರಬೇಕು.

ಇದೇ ಸೂತ್ರ ಬಾಟಲಿಯ ಬಣ್ಣವನ್ನೂ ಬಯಲು ಮಾಡುತ್ತದೆ. ಜಿಬ್ಬರೆಲಿಕ್ ಆಮ್ಲದ ಶೇ. 0.001ರ ದ್ರಾವಣ ಮಾರುಕಟ್ಟೆಯಲ್ಲಿದೆ. ಅದರಿಂದ 3 ಲೀಟರಿಗೆ 25 ಪಿಪಿಎಂ ಮಾಡಲು ಹೊರಟರೆ 75 ÷ 0.01 = 7,500 ಮಿ.ಲೀ. ಬೇಕು. ಮೂರು ಲೀಟರ್ ದ್ರಾವಣಕ್ಕೆ ಏಳೂವರೆ ಲೀಟರ್ ಔಷಧಿ! ಬಾಟಲಿಯೊಳಗಿನ ದ್ರಾವಣವೇ 10 ಪಿಪಿಎಂ ಇರುವಾಗ ನೀರು ಬೆರೆಸದೆ ಹೊಡೆದರೂ 25 ಮುಟ್ಟುವುದಿಲ್ಲ. ಪ್ರಬಂಧದಲ್ಲಿ ಓದಿದ ಪಿಪಿಎಂ ಒಂದು, ಬಾಟಲಿಯಿಂದ ಗಿಡಕ್ಕೆ ತಲುಪುವುದು ಇನ್ನೊಂದು. ಕೊಳ್ಳುವ ಮೊದಲೇ ಈ ಲೆಕ್ಕ ಮಾಡಬೇಕು.

ದೊಡ್ಡ ಹೊಲಕ್ಕೆ ಹೊಡೆಯುವವರಿಗೂ ಅದೇ ಸೂತ್ರ. 16 ಲೀಟರ್ ಟ್ಯಾಂಕಿಗೆ ಎನ್‌ಎಎ 20 ಪಿಪಿಎಂ ಎಂದರೆ 7.1 ಮಿ.ಲೀ. ‘ಒಂದು ಮುಚ್ಚಳ’ 10 ಮಿ.ಲೀ. ಹಿಡಿಯುವುದಾದರೆ ಅದು 28 ಪಿಪಿಎಂ ಆಗುತ್ತದೆ, ಎರಡು ಮುಚ್ಚಳ 56.

ಸ್ಯಾಲಿಸಿಲಿಕ್ ಆಮ್ಲ ಪುಡಿ, ತಣ್ಣೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಸೀದಾ ಟ್ಯಾಂಕಿಗೆ ಹಾಕಿದರೆ ತಳದಲ್ಲಿ ಸೂಜಿಯಂಥ ಹರಳಾಗಿ ಕೂತು ನಾಜಲ್ ಕಟ್ಟುತ್ತದೆ. ಎಲೆಯ ಮೇಲೆ ಹರಳು ಬಿದ್ದ ಕಡೆ ಸುಟ್ಟ ಚುಕ್ಕೆ ಏಳುತ್ತದೆ. 3 ಗ್ರಾಂ ಪುಡಿಯನ್ನು 100 ಮಿ.ಲೀ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಪೂರ್ತಿ ಕರಗಿಸಿ ಇಟ್ಟುಕೊಂಡರೆ, ಅದರ 10 ಮಿ.ಲೀ.ಯಲ್ಲಿ 300 ಮಿಲಿಗ್ರಾಂ ಇರುತ್ತದೆ. 3 ಲೀಟರಿಗೆ ಸರಿಯಾಗಿ 100 ಪಿಪಿಎಂ. ಈ 10 ಮಿ.ಲೀ.ಯನ್ನು ನೀರಿಗೆ ಕಲಕುತ್ತಾ ಹನಿಹನಿಯಾಗಿ ಬಿಡಬೇಕು. ಅಷ್ಟೇ ಆಲ್ಕೋಹಾಲನ್ನು ಬರೀ ನೀರಿನದ್ದೂ ಸೇರಿ ಉಳಿದ ಐದು ದ್ರಾವಣಕ್ಕೂ ಹಾಕಿದ್ದು. ಇಲ್ಲವಾದರೆ ಕಂಡ ಪರಿಣಾಮ ಆಮ್ಲದ್ದೋ ಆಲ್ಕೋಹಾಲ್‌ದೋ ಎಂಬ ಅನುಮಾನ ಉಳಿಯುತ್ತದೆ. ಅಂಟುದ್ರಾವಣವೂ ಹಾಗೆಯೇ, ಎಲ್ಲಕ್ಕೂ ಲೀಟರಿಗೆ ಅರ್ಧ ಮಿ.ಲೀ.

ಡಿಎಪಿ 60 ಗ್ರಾಂ ಹಿಂದಿನ ರಾತ್ರಿ ಅರ್ಧ ಲೀಟರ್ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ತಿಳಿಯನ್ನು ಬಟ್ಟೆಯಲ್ಲಿ ಸೋಸಿ 3 ಲೀಟರಿಗೆ ತುಂಬಿಸುವುದು.

ನೀರಿನ ಬಗ್ಗೆ ಒಂದು ಮಾತು. ನಾಲೆ ನೀರಿನ ಕದಡಿನ ಮಣ್ಣು ಔಷಧಿಯನ್ನು ಹಿಡಿದುಕೊಳ್ಳುತ್ತದೆ, ಬೋರ್ ನೀರು ಬಹಳ ಕಡೆ ಗಡಸು. ಹಿಡಿದಿಟ್ಟ ಮಳೆನೀರು ಇದ್ದರೆ ಅದೇ ಉತ್ತಮ.

ಪಂಪು

ಬೆನ್ನಿಗೆ ಹಾಕುವ 16 ಲೀಟರ್ ಪಂಪು ಇಲ್ಲಿಗೆ ಆಗದು. ತಳದಲ್ಲೇ ಉಳಿಯುವ ದ್ರಾವಣ ಒಂದು ಮಡಿಗೆ ಬೇಕಾದಷ್ಟಿರುತ್ತದೆ. 2 ಲೀಟರಿನ ಕೈ ಒತ್ತಡದ ಪಂಪು ಹೊಸದಾಗಿ ತಂದದ್ದು. ಹೊಸದು ಎಂಬುದಕ್ಕೆ ಒತ್ತು ಕೊಟ್ಟು ಹೇಳಬೇಕು, ಕಾರಣ ಮುಂದಿದೆ.

ಹೆಕ್ಟೇರಿಗೆ 500 ಲೀಟರ್ ಲೆಕ್ಕದಲ್ಲಿ ಮಡಿಗೆ 600 ಮಿ.ಲೀ. ನಾಲ್ಕು ಮಡಿಗೆ 2.4 ಲೀಟರ್, ಕೈತಪ್ಪಿಗೆ ಸೇರಿಸಿ 3 ಲೀಟರ್. ಪಂಪಿನ ನಾಜಲ್ ನಿಮಿಷಕ್ಕೆ ಎಷ್ಟು ಬಿಡುತ್ತದೆ ಎಂದು ಅಳತೆ ಪಾತ್ರೆಗೆ ಹೊಡೆದು ನೋಡಬೇಕು. 300 ಮಿ.ಲೀ. ಬಂದರೆ ಮಡಿಗೆ ಎರಡು ನಿಮಿಷ, ಹತ್ತು ಸಾಲಿಗೆ ಹಂಚಿದರೆ 4 ಮೀಟರ್ ಸಾಲಿಗೆ 12 ಸೆಕೆಂಡ್. ಬರೀ ನೀರಿನಲ್ಲಿ ಅಂಚಿನ ಸಾಲಿನ ಮೇಲೆ ಈ ನಡಿಗೆ ಕಾಲಿಗೆ ಹತ್ತುವವರೆಗೆ ಅಭ್ಯಾಸ ಮಾಡಿ ಆಮೇಲೆ ಔಷಧಿ ಮುಟ್ಟಬೇಕು. ಒತ್ತಡ ಇಳಿದಂತೆ ಹನಿ ದಪ್ಪವಾಗುತ್ತದೆ, ಪ್ರತಿ ಮಡಿಗೂ ಮೊದಲು ಅಷ್ಟೇ ಸಲ ಪಂಪ್ ಒತ್ತಬೇಕು.

ಹೊಡೆಯುವಾಗ ಗಾಳಿ ಬದಿಗೆ ಟಾರ್ಪಾಲಿನ್ ಪರದೆ ಹಿಡಿದು ಒಬ್ಬರು ನಿಲ್ಲಬೇಕು. ಕ್ರಮ: ಮೊದಲು ನೀರು, ಆಮೇಲೆ ಡಿಎಪಿ, ಕೊನೆಗೆ ಹಾರ್ಮೋನುಗಳು, ನಡುನಡುವೆ ಮೂರು ಸಲ ತೊಳೆತ. ಕೈಗವಸು, ಮೂಗುಬಟ್ಟೆ ಕಡ್ಡಾಯ, ಕ್ಲೋರ್‌ಮೆಕ್ವಾಟ್ ಹೊಟ್ಟೆಗೆ ಹೋದರೆ ಅಪಾಯ. ಲೇಬಲ್‌ನಲ್ಲಿ ಸೋಯಾ ಹೆಸರಿಲ್ಲದ ಔಷಧಿ ಹೊಡೆದ ಮಡಿಯ ಕಾಳನ್ನು ತಿನ್ನಲೂ ಮಾರಲೂ ಬಾರದು. ಅದು ಪ್ರಯೋಗದ ಮಡಿಯಷ್ಟಕ್ಕೇ.

ಮೂರು ಸಿಂಪಡಣೆ

ಸೋಯಾದ ಹಂತಗಳನ್ನು ಗುರುತಿಸಲು 1977ರಲ್ಲಿ ಫೆಹ್ರ್ ಮತ್ತು ಕ್ಯಾವಿನೆಸ್ ಕೊಟ್ಟ ಕ್ರಮವೇ ಇಂದಿಗೂ ಬಳಕೆಯಲ್ಲಿದೆ. ಮೊದಲ ಹೂವು ಕಂಡರೆ ಆರ್1, ಮೇಲಿನ ನಾಲ್ಕು ಗೆಣ್ಣುಗಳಲ್ಲಿ ಎಲ್ಲಾದರೂ 5 ಮಿ.ಮೀ. ಕಾಯಿ ಕಂಡರೆ ಆರ್3, 2 ಸೆಂ.ಮೀ. ಕಾಯಿಯಾದರೆ ಆರ್4, ಕಾಯೊಳಗೆ 3 ಮಿ.ಮೀ. ಕಾಳು ಕೂತರೆ ಆರ್5. ದಿನದ ಲೆಕ್ಕಕ್ಕಿಂತ ಈ ಲೆಕ್ಕ ಹಿಡಿಯುವುದು ಒಳ್ಳೆಯದು. ಬಿತ್ತನೆ ಒಂದು ವಾರ ಹಿಂದುಮುಂದಾದರೂ, ಮೋಡ ಹೆಚ್ಚಾದರೂ ದಿನ ಬದಲಾಗುತ್ತದೆ.

ಮೊದಲನೆಯದು, ನಾಲ್ಕೈದು ತ್ರಿದಳ ಎಲೆ ಬಿಚ್ಚಿದಾಗ, 25–28 ದಿನಕ್ಕೆ: ಕ್ಲೋರ್‌ಮೆಕ್ವಾಟ್ ಮಾತ್ರ. ಗಿಡ ಇನ್ನೂ ಚಿಕ್ಕದು, ಮಡಿಗೆ 400 ಮಿ.ಲೀ. ಸಾಕು, ಹಾಗಾಗಿ 2 ಲೀಟರಿಗೆ 2 ಮಿ.ಲೀ. ಅದೇ ದಿನ ಉಳಿದ ಐದು ಉಪಚಾರದ ಮಡಿಗಳಿಗೂ ನೀರು ಹೊಡೆಯಬೇಕು. ಒಣ ದಿನದಲ್ಲಿ ಎಲೆ ತೊಳೆದು ತಂಪಾಗುವುದೂ ಒಂದು ಉಪಚಾರವೇ. ಈ ಔಷಧಿ ಗಿಡದೊಳಗೆ ಗೆಣ್ಣಿನ ಅಂತರ ಹಿಗ್ಗಿಸುವ ಜಿಬ್ಬರೆಲಿನ್ ಹಾರ್ಮೋನ್ ತಯಾರಾಗುವ ಮೊದಲ ಮೆಟ್ಟಿಲನ್ನೇ ತಡೆಯುತ್ತದೆ. ಗೆಣ್ಣು ಹತ್ತಿರವಾಗಿ, ಎಲೆ ಕಡುಹಸಿರಾಗುತ್ತದೆ. ಎಲೆಯ ಅಂಚು ಹಳದಿಗೆ ತಿರುಗಿದರೆ ಪ್ರಮಾಣ ಜಾಸ್ತಿಯಾಗಿದೆ ಎಂದು ಅರ್ಥ. ಕುಳ್ಳಗಿನ ಕಡುಹಸಿರು ಗಿಡ ನೋಡಲು ಬಹಳ ಚೆಂದ, ಆದರೆ ಕುಳ್ಳಗಾದದ್ದೆಲ್ಲ ಇಳುವರಿಯಲ್ಲ. 1960ರ ದಶಕದಲ್ಲಿ ಅಮೆರಿಕದ ಸೋಯಾ ಸೀಮೆಯಲ್ಲಿ ಟೀಬಾ ಎಂಬ ರಾಸಾಯನಿಕ ಗಿಡವನ್ನು ಗಿಡ್ಡ ಮಾಡಿ ನಿಲ್ಲಿಸಿತು, ಆದರೆ ಇಳುವರಿ ಎಲ್ಲ ಕಡೆ ಒಂದೇ ಸಮ ಏರಲಿಲ್ಲ.

ಎರಡನೆಯದು ಆರ್1ರಿಂದ ಆರ್2ರ (ಪೂರ್ತಿ ಹೂವಿನ ಹಂತ) ನಡುವೆ, ಮೂರನೆಯದು ಅದರ ಹದಿನೈದು ದಿನಕ್ಕೆ: ಎನ್‌ಎಎ, ಸ್ಯಾಲಿಸಿಲಿಕ್, ಹೋಮೋಬ್ರಾಸಿನೋಲೈಡ್, ಡಿಎಪಿ. ಕ್ಲೋರ್‌ಮೆಕ್ವಾಟ್ ಮಡಿಗೆ ಈಗ ನೀರು. ಎನ್‌ಎಎ ಆಕ್ಸಿನ್ ಜಾತಿಯದ್ದು. ಹೂತೊಟ್ಟು ಕಳಚುವ ಜಾಗದ ಜೀವಕೋಶಗಳು ಉದುರಿಸುವ ಹಾರ್ಮೋನಾದ ಎಥಿಲೀನ್‌ಗೆ ಓಗೊಡದಂತೆ ಆಕ್ಸಿನ್ ತಡೆದಿಡುತ್ತದೆ, ತೊಟ್ಟು ನಿಲ್ಲುತ್ತದೆ. ಪ್ರಮಾಣ ಮೀರಿದರೆ ಅದೇ ಆಕ್ಸಿನ್ ಗಿಡದಲ್ಲಿ ಎಥಿಲೀನ್ ಹುಟ್ಟಿಸಿ ಹೂವನ್ನು ಬೀಳಿಸುತ್ತದೆ. ಎರಡು ಮುಚ್ಚಳ ಹಾಕಿದವರ ಹೊಲದಲ್ಲಿ ‘ಔಷಧಿ ಹೊಡೆದ ಮೇಲೆ ಹೂವು ಜಾಸ್ತಿ ಉದುರಿತು’ ಎನ್ನುವ ದೂರು ಬರುವುದಕ್ಕೆ ಇದೇ ಕಾರಣ.

ಹೊತ್ತು: ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುನ್ನ. ಇಬ್ಬನಿಯ ಮೇಲೆ ಹೊಡೆದರೆ ದ್ರಾವಣ ತೆಳುವಾಗಿ ಜಾರಿಹೋಗುತ್ತದೆ. ಆಗಸ್ಟ್‌ನಿಂದ ಈಚೆಗೆ ಇಲ್ಲಿ ಮಳೆ ಸಂಜೆಗೆ ಬೀಳುವುದು ಹೆಚ್ಚು, ಹಾಗಾಗಿ ಸಂಜೆಯ ಸಿಂಪಡಣೆ ನಂಬಿಕೆಗೆ ಯೋಗ್ಯವಲ್ಲ.

ಎಲೆ ಮುರುಟಿದಾಗ

ಹೊಸ ಎಲೆಗಳು ಬಟ್ಟಲಿನಂತೆ ಮಡಚಿ, ಅಂಚು ಸುಕ್ಕಾಗಿ, ತೊಟ್ಟು ಹಾವಿನಂತೆ ತಿರುಚಿ, ಕಾಂಡದ ತುದಿ ಬಾಗಿದರೆ ಮೊದಲು ನಂಜುರೋಗ ಎನಿಸುತ್ತದೆ. ಹಾಗೆಂದು ಕೀಟನಾಶಕ ತರಲು ಓಡುವ ಮೊದಲು ಮಡಿಗಳ ನಕ್ಷೆಯನ್ನು ಕೈಯಲ್ಲಿ ಹಿಡಿದು ಒಂದು ಸುತ್ತು ನಡೆಯಬೇಕು. ಮುರುಟು ಎಲ್ಲಿದೆ ಎಂಬುದೇ ಕಾರಣವನ್ನು ಹೇಳುತ್ತದೆ.

ಎನ್‌ಎಎ ಮಡಿ ನಾಲ್ಕರಲ್ಲಿ ಮಾತ್ರ ಇದ್ದರೆ ಪ್ರಮಾಣ ಹೆಚ್ಚಾಗಿದೆ. ಸಿರಿಂಜ್ ಓದಿದ್ದು ತಪ್ಪಿರಬೇಕು ಅಥವಾ ಒಂದೇ ಸಾಲಿಗೆ ಎರಡು ಸಲ ಹೊಡೆದಿರಬೇಕು. ಬರೀ ನೀರಿನ ಮಡಿಯೂ ಸೇರಿ ಎಲ್ಲ ಮಡಿಯಲ್ಲೂ ಇದ್ದರೆ ಪಂಪಿನ ಕೊಳೆ. ಪಡುವಣದ ಅಂಚಿನ ಸಾಲುಗಳಲ್ಲಿ ಹೆಚ್ಚು, ಮೂಡಣಕ್ಕೆ ಹೋದಂತೆ ಕಡಿಮೆ ಇದ್ದರೆ ಪಡುವಣ ಗಾಳಿ ಪಕ್ಕದ ಕಬ್ಬಿನ ಗದ್ದೆಯಿಂದ 2,4-ಡಿ ಹೊತ್ತು ತಂದಿದೆ. ಮುಂಗಾರಿನುದ್ದಕ್ಕೂ ಇಲ್ಲಿ ಗಾಳಿ ಪಡುವಣದಿಂದಲೇ.

2,4-ಡಿ ಕೂಡ ಆಕ್ಸಿನ್ ಗುಂಪಿನದ್ದೇ. ಕಬ್ಬು, ಭತ್ತ ತಡೆದುಕೊಳ್ಳುತ್ತವೆ, ಸೋಯಾದಂಥ ಅಗಲೆಲೆ ಗಿಡಕ್ಕೆ ಸ್ವಲ್ಪವೇ ಸಾಕು. ಕಬ್ಬಿಗೆ ಹೊಡೆದ ಪಂಪನ್ನು ನಾಲ್ಕು ಸಲ ನೀರಿನಲ್ಲಿ ತೊಳೆದರೂ ವಾಷರ್, ರಬ್ಬರ್ ಕೊಳವೆಯಲ್ಲಿ ಉಳಿದದ್ದು ಹೋಗುವುದಿಲ್ಲ. ವಾಷಿಂಗ್ ಸೋಡಾ ನೀರು ತುಂಬಿ ರಾತ್ರಿಯಿಡೀ ಬಿಟ್ಟು, ನಾಜಲ್ ಬಿಚ್ಚಿ ತೊಳೆದರೆ ಬಹುಪಾಲು ಹೋಗುತ್ತದೆ. ಹೊಸ ಪಂಪನ್ನೇ ತರಬೇಕೆಂದಿದ್ದು ಇದಕ್ಕೇ. ಬರೀ ನೀರಿನ ಮಡಿ ಇಲ್ಲದಿದ್ದರೆ ಈ ಮೂರನ್ನೂ ಬೇರೆ ಮಾಡಲು ದಾರಿಯೇ ಇಲ್ಲ, ದೂರೆಲ್ಲ ಎನ್‌ಎಎ ತಲೆಗೆ ಬೀಳುತ್ತಿತ್ತು.

ಪಕ್ಕದ ಗದ್ದೆಯವರಿಗೆ ಬಿತ್ತನೆಗೆ ಮೊದಲೇ ಹೇಳಿಡಬೇಕು: ‘ಅಣ್ಣ, ಕಳೆಗೆ ಹೊಡೆಯೋ ದಿನ ಒಂದು ಮಾತು ಹೇಳಿ, ಗಾಳಿ ನೋಡ್ಕಂಡು ಹೊಡೀರಿ.’ ಇಷ್ಟು ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಹೂವು ಎಣಿಸಿದ್ದು

ಇಳುವರಿಗಿಂತ ಮೊದಲು ಉತ್ತರ ಸಿಗುವುದು ಇಲ್ಲಿ, ಬೇಸರದ ಕೆಲಸವೂ ಇದೇ. ಪ್ರತಿ ಮಡಿಯ ನಡುಸಾಲುಗಳಲ್ಲಿ ಐದು ಗಿಡಕ್ಕೆ ಬಣ್ಣದ ಉಣ್ಣೆ ದಾರ ಕಟ್ಟಿ, ಒಂದೊಂದು ಗಿಡದಲ್ಲೂ ಕೆಳಗಿನಿಂದ ಆರನೇ ಮತ್ತು ಎಂಟನೇ ಗೆಣ್ಣನ್ನು ಆರಿಸಿದ್ದು. ದಿನಬಿಟ್ಟು ದಿನ ಬೆಳಿಗ್ಗೆ ಆ ಗೆಣ್ಣುಗಳಲ್ಲಿ ಹೊಸದಾಗಿ ಅರಳಿದ ಹೂವು ಎಷ್ಟು ಎಂದು ಬರೆಯಬೇಕು.

ಸೋಯಾ ಹೂವು ಅರ್ಧ ಸೆಂಟಿಮೀಟರಿಗಿಂತ ಒಂದಿಷ್ಟೇ ದೊಡ್ಡದು, ಎಲೆತೊಟ್ಟಿನ ಕಂಕುಳಲ್ಲಿ ಅಡಗಿರುತ್ತದೆ. ಎಲೆಯನ್ನು ಎರಡು ಬೆರಳಲ್ಲಿ ಹಿಂದಕ್ಕೆ ಬಾಗಿಸಿದರೆ ರೋಮ ತುಂಬಿದ ಪುಟ್ಟ ಗೊಂಚಲು ಕಾಣುತ್ತದೆ. ಬುಡದ ಹೂವು ಬಾಡಿ ಅದರೊಳಗಿಂದ ಹಸಿರು ಮುಳ್ಳಿನಂಥ ಕಾಯಿ ಇಣುಕುತ್ತಿರುತ್ತದೆ, ನಡುವಿನದು ನೇರಳೆಯಾಗಿ ಅರಳಿರುತ್ತದೆ, ತುದಿಯಲ್ಲಿ ಮೊಗ್ಗು. ಕಾಯಾಗುವುದು ಹೆಚ್ಚಾಗಿ ಬುಡದವೇ, ತುದಿಯವು ಉದುರುವವು. ಹಾಗಾಗಿ ಬುಡದಿಂದ ಒಂದು, ಎರಡು, ಮೂರು ಎಂದು ಸ್ಥಾನ ಹಾಕಿ ಬರೆದರೆ ಒಂದೇ ಹೂವನ್ನು ಎರಡು ಸಲ ಎಣಿಸುವ ತಪ್ಪಾಗುವುದಿಲ್ಲ. ಕಂದಾಗಿ ಒಣಗಿದ ಹೂವು ಜೇಡದ ಎಳೆಗೋ ರೋಮಕ್ಕೋ ಸಿಕ್ಕಿಕೊಂಡು ಗೊಂಚಲಲ್ಲೇ ನೇತಾಡುತ್ತಿರುತ್ತದೆ. ಹುಲ್ಲುಕಡ್ಡಿಯಿಂದ ತಾಕಿದರೆ ಬಿದ್ದುಹೋಗುತ್ತದೆ, ಅದು ನಿಂತ ಹೂವಲ್ಲ. ಬಿದ್ದ ಜಾಗದಲ್ಲಿ ಸಾಸಿವೆಗಿಂತ ಸಣ್ಣ ದುಂಡು ಕಲೆ ಉಳಿಯುತ್ತದೆ, ಭೂತಗನ್ನಡಿಯಲ್ಲಿ ಸ್ಪಷ್ಟ.

ಕಾಳು ಪೂರ್ತಿ ತುಂಬಿದ ಆರ್6ರಲ್ಲಿ ಅದೇ ಗೆಣ್ಣಿನ ಕಾಯಿ ಎಣಿಸಿ, ಒಟ್ಟು ಹೂವಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಿಂತ ಹೂವಿನ ಶೇಕಡಾ. ಒಂದು ಎಚ್ಚರ: ಕಾಯಿ ಹೆಚ್ಚು ನಿಂತ ಗಿಡದಲ್ಲಿ ಕಾಳು ಸಣ್ಣದಾಗಬಹುದು. ಎಲೆ ತಯಾರಿಸುವ ಸಕ್ಕರೆ ಅಷ್ಟೇ ಇದ್ದು ಉಣ್ಣುವ ಬಾಯಿ ಜಾಸ್ತಿಯಾದಾಗ ಹಾಗಾಗುತ್ತದೆ. ಅದಕ್ಕೇ ಕಾಯಿ ಎಣಿಕೆ ಒಂದನ್ನೇ ನಂಬದೆ, ಕಾಯಿಗೆ ಎಷ್ಟು ಕಾಳು, ನೂರು ಕಾಳಿನ ತೂಕ ಎಷ್ಟು ಎರಡನ್ನೂ ತೆಗೆಯಬೇಕು.

ಇದೇ ಹೊತ್ತಿಗೆ ಅಂಚಿನ ಸಾಲಿನಲ್ಲಿ ಎರಡು ಗಿಡ ಮಣ್ಣುಸಮೇತ ಅಗೆದು ಬೇರುಗಂಟು ಕುಯ್ದು ನೋಡುವುದು. ಒಳಗೆ ಕೆಂಪಗೆ ಇದ್ದರೆ ಸಾರಜನಕ ಹಿಡಿಯುತ್ತಿದೆ. ಬಿಳಿ, ಹಸಿರು, ಬೂದು ಇದ್ದರೆ ಇಲ್ಲ. ಗಂಟೇ ಕಟ್ಟದ ಸೋಯಾಗೆ ಯಾವ ಹಾರ್ಮೋನ್ ಹೊಡೆದರೂ ಹೂವಿಗೆ ಉಣಿಸಲು ಏನೂ ಇರುವುದಿಲ್ಲ. ನೀರು ಎರಡು ದಿನ ನಿಂತರೂ ಗಂಟು ಉಸಿರುಗಟ್ಟುತ್ತದೆ. ನಾಲೆ ಬಯಲಲ್ಲಿ ಬಸಿಗಾಲುವೆ ತೆಗೆಯುವುದು ಯಾವ ಟಾನಿಕ್‌ಗಿಂತ ಮುಂಚಿನ ಕೆಲಸ.

ಕೀಟ, ತುಕ್ಕು

ಕಾಂಡದ ನೊಣ, ಎಲೆ ತಿನ್ನುವ ಹುಳು ಬಂದರೆ ಎಲ್ಲ 24 ಮಡಿಗೂ ಒಂದೇ ದಿನ, ಒಂದೇ ಪ್ರಮಾಣದಲ್ಲಿ ಔಷಧಿ ಹೊಡೆಯಬೇಕು. ಹಾರ್ಮೋನ್ ಜೊತೆ ಬೆರೆಸಬಾರದು. ತುಕ್ಕು ರೋಗಕ್ಕೆ ಹೆಕ್ಸಾಕೊನಜೋಲ್‌ನಂಥ ಟ್ರೈಯಜೋಲ್ ಬಳಸುವಾಗ ಇನ್ನೊಂದು ಸೂಕ್ಷ್ಮ ಇದೆ: ಈ ಗುಂಪಿನ ಶಿಲೀಂಧ್ರನಾಶಕಗಳು ತಾವೇ ಜಿಬ್ಬರೆಲಿನ್ ತಯಾರಿಕೆಯನ್ನು ತಗ್ಗಿಸಿ ಎಲೆಯನ್ನು ಕಡುಹಸಿರಾಗಿಸುತ್ತವೆ. ತುಕ್ಕು ಕಂಡ ಮಡಿಗಷ್ಟೇ ಹೊಡೆದರೆ ಪ್ರಯೋಗಕ್ಕೆ ಗೊತ್ತಿಲ್ಲದೆ ಏಳನೇ ಉಪಚಾರ ಸೇರಿಕೊಂಡಂತೆ.

ಕೊಯ್ಲು, ತೂಕ, ಲೆಕ್ಕ

ಎಲೆ ಉದುರಿ, ಕಾಯಿ ನೂರಕ್ಕೆ ತೊಂಬತ್ತೈದು ಕಂದಾದಾಗ ಬೆಳಗಿನ ತಂಪಲ್ಲಿ ಕುಡುಗೋಲಿನಿಂದ ಕೊಯ್ಯುವುದು. ಬಿಸಿಲಲ್ಲಿ ಕೊಯ್ದರೆ ಕಾಯಿ ಸಿಡಿದು ಕಾಳು ಚೆಲ್ಲುತ್ತದೆ. ತೂಕಕ್ಕೆ ತೆಗೆದುಕೊಳ್ಳುವುದು ಒಳಮಡಿಯನ್ನು ಮಾತ್ರ: ಎರಡು ಬದಿಯ ಎರಡೆರಡು ಸಾಲು, ಎರಡು ತುದಿಯ ಅರ್ಧರ್ಧ ಮೀಟರ್ ಬಿಟ್ಟು ನಡುವಿನ ಆರು ಸಾಲು, 3 ಮೀಟರ್ ಉದ್ದ. ಇದು 5.4 ಚದರ ಮೀಟರ್, 180 ಗಿಡ. ಕೊಯ್ಯುವ ಮೊದಲೇ ಗಿಡ ಎಣಿಸಿ ಬರೆದಿಡಬೇಕು. ಒಂದೊಂದು ಒಳಮಡಿಗೆ ಒಂದೊಂದು ಗೋಣಿ, ಒಳಗೊಂದು ಹೊರಗೊಂದು ಚೀಟಿ. ಕಣದಲ್ಲಿ ಕೋಲಿನಿಂದ ಮೆಲ್ಲಗೆ ಬಡಿದು, ಮೊರದಲ್ಲಿ ಕೇರಿ, ತೂಗುವುದು.

ತೇವಾಂಶ ಎಲ್ಲ ಚೀಲದಲ್ಲೂ ಒಂದೇ ಇರುವುದಿಲ್ಲ. ಕಡುಹಸಿರಾಗಿದ್ದ ಮಡಿ ತಡವಾಗಿ ಒಣಗುತ್ತದೆ, ಹಾಗೇ ತೂಗಿದರೆ ನೀರಿನ ತೂಕವೇ ಇಳುವರಿಯಾಗಿ ಕಾಣುತ್ತದೆ. ಶೇ. 12ಕ್ಕೆ ಇಳಿಸಲು ತೂಕ × (100 − ತೇವಾಂಶ) ÷ 88. ಶೇ. 16 ತೇವದ 1000 ಗ್ರಾಂ ಎಂದರೆ 955 ಗ್ರಾಂ.

ಒಳಮಡಿಯ 100 ಗ್ರಾಂ ಎಕರೆಗೆ 75 ಕೆಜಿ ಆಗುತ್ತದೆ. ತಕ್ಕಡಿಯ 10 ಗ್ರಾಂ ತಪ್ಪು ಏಳೂವರೆ ಕೆಜಿ. ಇಷ್ಟು ಗೊತ್ತಿದ್ದರೆ ಎರಡು ಮಡಿಯ ನಡುವೆ ಒಂದು ಹಿಡಿ ಕಾಳಿನ ವ್ಯತ್ಯಾಸಕ್ಕೆ ಯಾರೂ ಸಂಭ್ರಮ ಪಡುವುದಿಲ್ಲ. ಆರು ಉಪಚಾರ, ನಾಲ್ಕು ಪಟ್ಟಿಗೆ ದೋಷದ ಸ್ವಾತಂತ್ರ್ಯಾಂಶ (6 − 1) × (4 − 1) = 15, ಶೇ. 5ರ ಮಟ್ಟದಲ್ಲಿ ಸಂಖ್ಯಾಶಾಸ್ತ್ರದ ಟಿ ಕೋಷ್ಟಕದ ಬೆಲೆ 2.131. ದೋಷದ ವರ್ಗಸರಾಸರಿ (ಔಷಧಿಯಿಂದಲ್ಲದೆ ಮಡಿಯಿಂದ ಮಡಿಗೆ ಬರುವ ಹೆಚ್ಚುಕಮ್ಮಿಯ ಅಳತೆ) ಉದಾಹರಣೆಗೆ 2500 ಬಂತು ಎನ್ನೋಣ. ಎರಡರಿಂದ ಗುಣಿಸಿ ನಾಲ್ಕರಿಂದ ಭಾಗಿಸಿ ವರ್ಗಮೂಲ ತೆಗೆದರೆ 35.4, ಅದಕ್ಕೆ 2.131 ಗುಣಿಸಿದರೆ 75 ಗ್ರಾಂ. ಎರಡು ಉಪಚಾರದ ಸರಾಸರಿ 75 ಗ್ರಾಂಗಿಂತ ಹೆಚ್ಚು ದೂರವಿದ್ದರೆ ಮಾತ್ರ ಅದು ವ್ಯತ್ಯಾಸ. ಎಕರೆಗೆ 56 ಕೆಜಿ. 2025–26ರ ಬೆಂಬಲ ಬೆಲೆ ಕ್ವಿಂಟಾಲ್‌ಗೆ 5,328 ರೂಪಾಯಿಯಂತೆ ಸುಮಾರು 2,980 ರೂಪಾಯಿ. ಔಷಧಿ ಮತ್ತು ಸಿಂಪಡಣೆಯ ಕೂಲಿ ಇದರೊಳಗೆ ಬಂದು ಮಿಕ್ಕರೆ ಲಾಭ. ಡಿಎಪಿ ಮಡಿಯ ಪಕ್ಕದಲ್ಲಿಟ್ಟು ಇನ್ನೊಮ್ಮೆ ಕೂಡಿ ಕಳೆಯಬೇಕು.

ಮಡಿವಾರು ತೂಕವನ್ನು ಇಲ್ಲಿ ಬೇಕೆಂದೇ ಹಾಕಿಲ್ಲ. ಒಂದೇ ಹಂಗಾಮು, ಒಂದೇ ಹೊಲದ ಅಂಕಿಯನ್ನು ಓದಿದವರು ಶಿಫಾರಸು ಎಂದು ಹಿಡಿದುಕೊಂಡು ಅಂಗಡಿಗೆ ಹೋಗುತ್ತಾರೆ. ಕನಿಷ್ಠ ಎರಡು ಮುಂಗಾರು ಆಗಬೇಕು. ಎರಡನೇ ಸಲ ಇದೇ ಮಡಿಗಳ ಮೇಲೆ ಬಿತ್ತಬಾರದು, ಡಿಎಪಿ ಮಡಿಯಲ್ಲಿ ರಂಜಕ ಉಳಿದಿರುತ್ತದೆ. ಗೂಟ ಕಿತ್ತು, ಈ ಆರು ಗುಂಟೆಗೆ ರಾಗಿ ಹಾಕಿ, ಪಕ್ಕದ ತಾಕಿನಲ್ಲಿ ಹೊಸ ಚೀಟಿ ಎತ್ತಿ ಮತ್ತೆ ಕಟ್ಟಬೇಕು. ಈ ಬಾರಿ ಪಡುವಣದ ಅಂಚಿನ ಬೆಳೆ ಒಂದೂವರೆ ಮೀಟರಿನ ಬದಲು ಮೂರು ಮೀಟರ್, ಅದರಾಚೆ ಎರಡು ಸಾಲು ಜೋಳ.